ಎರಡು ಔಷಧಗಳ ಆಚೆಗೆ

ಸಹ್ಯಾದ್ರಿಯನ್ನೇರಿ ಬರುವ ಮುಂಗಾರಿನ ಮೋಡಗಳು ತಮ್ಮಲ್ಲಿದ್ದುದನ್ನೆಲ್ಲ ಪಶ್ಚಿಮದ ಕಣಿವೆಗಳಲ್ಲಿಯೇ ಸುರಿದು ಬರಿದಾಗಿ ಪೂರ್ವಕ್ಕೆ ಸಾಗುವ ಮಳೆನೆರಳಿನ ನಾಡಿನಲ್ಲಿ, ಜೋಳ ಸಜ್ಜೆಗಳನ್ನೂ, ನೀರು ದೊರೆತಲ್ಲಿ ದ್ರಾಕ್ಷಿ ದಾಳಿಂಬೆಗಳನ್ನೂ ಬೆಳೆದು, ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ಮರಾಠಿಯನ್ನೂ ಆಡಿ ಬಾಳುವ ಜತ್ತ ತಾಲೂಕಿನ ಗ್ರಾಮಗಳಲ್ಲಿ ವಳಸಂಗವೂ ಒಂದು. 1956 ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನೆರೆಯ ವಿಜಾಪುರ (ಇಂದಿನ ವಿಜಯಪುರ) ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಹಳೆಯ ಸಂಸ್ಥಾನದ ನೆಲವಾದ ಜತ್ತ ಮುಂಬಯಿ ರಾಜ್ಯದಲ್ಲಿಯೇ ಉಳಿದು ಮುಂದೆ ಮಹಾರಾಷ್ಟ್ರದ ಭಾಗವಾಯಿತು. ಆಮೇಲೆ ಈ ತಾಲೂಕಿನ ಹೆಸರು ದೊಡ್ಡ ಪತ್ರಿಕೆಗಳಲ್ಲಿ ಬಂದುದು ಬಹುಮಟ್ಟಿಗೆ ಗಡಿಯ ಕಾರಣದಿಂದ ಇಲ್ಲವೆ ನೀರಿನ ಕಾರಣದಿಂದ. 2022 ರ ಕೊನೆಯ ತಿಂಗಳುಗಳಲ್ಲಿ ಇವೆರಡೂ ಕೂಡಿಯೇ ಬಂದವು. ಆದರೆ ಸಭೆ ಠರಾವುಗಳಿಗೆ ವಿಷಯವಾಗದೆ, ಮನೆಯ ಬಾಗಿಲಿನ ಹಿಂದೆಯೇ ನಡೆದು, ಬಂದವರ ಎದುರಿಗೆ ಮರೆಮಾಡಲ್ಪಟ್ಟು, ವರ್ಷಾನುಗಟ್ಟಲೆ ಒಂದು ಕುಟುಂಬದ ನಿದ್ರೆಯನ್ನೂ ದುಡಿಮೆಯನ್ನೂ ತಿಂದುಹಾಕುವ ಕಷ್ಟಗಳು ಇಂತಹ ಗ್ರಾಮಗಳಲ್ಲಿ ಬೇರೆ ಉಂಟು. ಮಕ್ಕಳ ಮೂರ್ಛೆರೋಗ ಅವುಗಳಲ್ಲಿ ಒಂದು. ಅದರಲ್ಲಿಯೂ ಗುಳಿಗೆಗೆ ಬಗ್ಗದ ಮೂರ್ಛೆರೋಗವನ್ನು ಕುರಿತು, ಮೆದುಳಿನ ಶಸ್ತ್ರಚಿಕಿತ್ಸೆಯಿಂದ ಅದಕ್ಕೆ ದೊರೆಯಬಹುದಾದ ಪರಿಹಾರವನ್ನು ಕುರಿತು, ಆ ಪರಿಹಾರವನ್ನು ವ್ಯರ್ಥಗೊಳಿಸುವ ಕಾಲವಿಳಂಬವನ್ನು ಕುರಿತು ಈ ಲೇಖನ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಆ ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಲಕ್ಷಕ್ಕೂ ಮಿಕ್ಕ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ 2004 ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಗರದವರಲ್ಲಿ ಸಾವಿರಕ್ಕೆ 5.7 ಮಂದಿಗೆ ಮೂರ್ಛೆರೋಗವಿದ್ದರೆ ಗ್ರಾಮಸ್ಥರಲ್ಲಿ ಸಾವಿರಕ್ಕೆ 11.9 ಮಂದಿಗೆ ಇರುವುದು ಕಂಡುಬಂದಿತು. ಎಲ್ಲ ಊರಿಗೂ ಒಂದೇ ಲೆಕ್ಕ ಸಲ್ಲದಾದರೂ, ಆ ಪ್ರಮಾಣವನ್ನು 5,000 ಜನಸಂಖ್ಯೆಯ ಒಂದು ಹಳ್ಳಿಗೆ ಹೊಂದಿಸಿ ನೋಡಿದರೆ ಸುಮಾರು 60 ಮಂದಿಯಾಗುತ್ತಾರೆ. ಅವರಲ್ಲಿ ಮೂರರಲ್ಲೊಂದು ಪಾಲಿನವರಿಗೆ ಔಷಧ ಫಲಿಸದೆಂಬ ಸಾಮಾನ್ಯ ಅನುಭವವನ್ನು ಕೂಡಿಸಿದರೆ 20 ಮಂದಿ. ಒಂದೇ ಹಳ್ಳಿಯ ಇಷ್ಟು ಮನೆಗಳಲ್ಲಿ, ಗುಳಿಗೆಯನ್ನು ತಪ್ಪದೆ ನುಂಗಿಯೂ ಬೀಳುವ ಒಂದು ಜೀವವಿರಬಹುದೆಂದಾದರೆ ಅದನ್ನು ಅಪೂರ್ವವಾದ ವ್ಯಾಧಿಯೆಂದು ಬದಿಗೆ ಸರಿಸಲಾಗದು.

ವ್ಯಾಧಿಯ ಮೂಲ

ಮೆದುಳಿನ ಕೋಶಗಳು ಅತ್ಯಲ್ಪ ಪ್ರಮಾಣದ ವಿದ್ಯುತ್ತಿನಿಂದ ಪರಸ್ಪರ ವ್ಯವಹರಿಸುತ್ತವೆ. ಆ ವ್ಯವಹಾರ ಯಾವುದೋ ಕಾರಣದಿಂದ ಮಿತಿತಪ್ಪಿ, ಅಸಂಖ್ಯ ಕೋಶಗಳು ಒಮ್ಮೆಲೇ ಸಿಡಿಯತೊಡಗಿದಾಗ ಕೈಕಾಲುಗಳು ಸೆಟೆಯುವುವು, ಕಣ್ಣು ಮೇಲಾಗುವುದು, ಬಾಯಲ್ಲಿ ನೊರೆ ಬರುವುದು, ಪ್ರಜ್ಞೆ ತಪ್ಪುವುದು. ಎಲ್ಲ ಮೂರ್ಛೆಯೂ ಹೀಗೆಯೇ ಕಾಣಬೇಕೆಂದಿಲ್ಲ. ಮಗು ಕೆಲವು ಕ್ಷಣ ಶೂನ್ಯವನ್ನು ದಿಟ್ಟಿಸಬಹುದು, ಬಾಯಿ ಚಪ್ಪರಿಸಬಹುದು, ಕಾರಣವಿಲ್ಲದೆ ನಗಬಹುದು. ಹಸುಗೂಸಾದರೆ ನಿದ್ದೆಯಿಂದೆದ್ದು ಮತ್ತೆ ಮತ್ತೆ ತಲೆಬಾಗಿಸಿ ಮುದುಡಿಕೊಳ್ಳಬಹುದು. ಇಂತಹ ಮುದುಡುವಿಕೆಯನ್ನು 1841 ರಲ್ಲಿ ಇಂಗ್ಲೆಂಡಿನ ವಿಲಿಯಂ ವೆಸ್ಟ್ ಎಂಬ ವೈದ್ಯನು ತನ್ನ ಸ್ವಂತ ಮಗುವಿನಲ್ಲಿ ಕಂಡು ವರ್ಣಿಸಿ, ಬಲ್ಲವರಿದ್ದರೆ ನೆರವಾಗಬೇಕೆಂದು ವೈದ್ಯಪತ್ರಿಕೆಯೊಂದಕ್ಕೆ ಬರೆದುದು ವೈದ್ಯಕೀಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ವಿದ್ಯುತ್ತಿನ ಈ ಅವ್ಯವಸ್ಥೆ ಕೆಲವರಲ್ಲಿ ಇಡೀ ಮೆದುಳಿನಲ್ಲಿ ಒಂದೇ ಸಲಕ್ಕೆ ಏಳುವುದು. ಇನ್ನು ಕೆಲವರಲ್ಲಿ ಒಂದು ನಿಶ್ಚಿತ ಸ್ಥಾನದಲ್ಲಿ ಹುಟ್ಟಿ ಸುತ್ತಲೂ ಹರಡುವುದು. ಎರಡನೆಯ ಬಗೆಯಲ್ಲಿ, ಬಣವೆಯ ಒಂದು ಮೂಲೆಗೆ ಬಿದ್ದ ಕಿಡಿಯಂತೆ, ನೋಡುವವರ ಕಣ್ಣಿಗೆ ಬೀಳುವುದು ಇಡೀ ಬೆಂಕಿಯಾದರೂ ಮೂಲವಿರುವುದು ಒಂದು ಮೂಲೆಯಲ್ಲಿ. ಹೆರಿಗೆಯ ವೇಳೆಯಲ್ಲಿ ಉಸಿರುಗಟ್ಟಿದುದರಿಂದಾಗಲಿ, ಹುಟ್ಟಿದ ಮೊದಲ ದಿನಗಳಲ್ಲಿ ರಕ್ತದ ಸಕ್ಕರೆ ಇಳಿದುದರಿಂದಾಗಲಿ ಆದ ಗಾಯದ ಕಲೆ. ಗರ್ಭದಲ್ಲಿ ಮೆದುಳು ರೂಪುಗೊಳ್ಳುವಾಗ ಅದರ ಹೊರಪದರದಲ್ಲಿ ಉಳಿದ ರಚನಾದೋಷ. ದೀರ್ಘಕಾಲದ ಜ್ವರಸೆಳವಿನ ಹಿನ್ನೆಲೆಯುಳ್ಳ ಎಷ್ಟೋ ಮಕ್ಕಳಲ್ಲಿ ಕಾಣುವ, ಮೆದುಳಿನ ಕಪೋಲಭಾಗದೊಳಗಿನ ಹಿಪೊಕ್ಯಾಂಪಸ್ ಎಂಬ ನೆನಪಿನ ಅಂಗದ ಒಣಗುವಿಕೆ. ನಿಧಾನವಾಗಿ ಬೆಳೆಯುವ ಸಣ್ಣ ಗಡ್ಡೆ. ಮೆದುಳಿನ ಒಂದು ಅರ್ಧವನ್ನು ಕ್ರಮೇಣ ಹಾಳುಮಾಡುವ ರಾಸ್ಮುಸೆನ್ ಉರಿಯೂತ: ಇವು ಮಕ್ಕಳಲ್ಲಿ ಕಾಣುವ ಮುಖ್ಯ ಮೂಲಗಳು. ನಮ್ಮ ದೇಶದಲ್ಲಿ ಮೊದಲು ಹೇಳಿದ ಜನನಕಾಲದ ಆಘಾತ ಬಹಳ ಸಾಮಾನ್ಯವಾದುದು. ಒಳ್ಳೆಯ ಹೆರಿಗೆ ಕೋಣೆಯೂ ಮೂರ್ಛೆರೋಗದ ತಡೆಯೇ ಎಂಬುದನ್ನು ಇದರಿಂದ ಅರಿಯಬೇಕು.

ಔಷಧದ ಶಕ್ತಿ ದೊಡ್ಡದು. ಫಿನೋಬಾರ್ಬಿಟಾಲ್ 1912 ರಲ್ಲಿ ಬಂದಿತು. ಗಾರ್ಡಿನಾಲ್ ಎಂಬ ಹೆಸರಿನಲ್ಲಿ ಅದು ನಮ್ಮ ಹಳ್ಳಿಗಳಿಗೂ ಪರಿಚಿತ. 1938 ರಲ್ಲಿ ಫೆನಿಟಾಯಿನ್, ಅನಂತರ ಕಾರ್ಬಮಜೆಪಿನ್, ವಾಲ್‌ಪ್ರೊಯೇಟ್ ಮೊದಲಾದವು ಬಂದು ಕೋಟ್ಯಂತರ ಜನರ ಬಾಳನ್ನು ನೇರ್ಪಡಿಸಿದುವು. ಕರ್ನಾಟಕದಲ್ಲಿಯೇ ಡಾ. ಕೆ. ಎಸ್. ಮಣಿಯವರು ಯಳಂದೂರು ತಾಲೂಕಿನ ಹಳ್ಳಿಗಳಲ್ಲಿ ಕೈಗೊಂಡ ಕಾರ್ಯ, ಅಗ್ಗದ ಹಳೆಯ ಔಷಧಗಳನ್ನೇ ಕ್ರಮವಾಗಿ ಒದಗಿಸಿದರೆ ಗ್ರಾಮಾಂತರದಲ್ಲಿಯೂ ಈ ವ್ಯಾಧಿಯನ್ನು ಹಿಡಿತಕ್ಕೆ ತರಬಹುದೆಂಬುದನ್ನು ತೋರಿಸಿತು. ಆದರೆ ಆ ಶಕ್ತಿಗೂ ಒಂದು ಮೇರೆ ಉಂಟು. ಸ್ಕಾಟ್ಲೆಂಡಿನ ಗ್ಲಾಸ್ಗೋದ ವೈದ್ಯರು 2000 ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದೆ ಯಾವ ಔಷಧವನ್ನೂ ಪಡೆಯದಿದ್ದ 470 ಮಂದಿಯಲ್ಲಿ ಶೇ. 47 ರಷ್ಟು ಜನರು ಮೊದಲನೆಯ ಔಷಧದಿಂದಲೇ ಮೂರ್ಛೆಯಿಂದ ಮುಕ್ತರಾದರು. ಎರಡನೆಯ ಇಲ್ಲವೆ ಮೂರನೆಯ ಔಷಧದಿಂದ ಮುಕ್ತರಾದವರು ಶೇ. 14 ಮಾತ್ರ. ಮೊದಲಿನ ಎರಡು ಪ್ರಯತ್ನಗಳು ಸೋತ ಮೇಲೆ ಔಷಧವನ್ನು ಬದಲಿಸುತ್ತ ಹೋದುದರಿಂದ ಆಗುವ ಲಾಭ ಅತ್ಯಲ್ಪವೆಂಬ ಈ ಅರಿವಿನಿಂದಲೇ ಅಂತಾರಾಷ್ಟ್ರೀಯ ಅಪಸ್ಮಾರ ವಿರೋಧಿ ಸಂಘವು 2010 ರಲ್ಲಿ ಒಂದು ಲಕ್ಷಣವನ್ನು ನಿರ್ಣಯಿಸಿತು: ವ್ಯಾಧಿಗೆ ತಕ್ಕ, ರೋಗಿಗೆ ಒಗ್ಗಿದ ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟೂ ಮೂರ್ಛೆ ನಿಲ್ಲದಿದ್ದರೆ ಅದು ಔಷಧಕ್ಕೆ ಬಗ್ಗದ ಮೂರ್ಛೆರೋಗ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಜತ್ತ ತಾಲೂಕಿನಿಂದ ಎಷ್ಟೋ ಕುಟುಂಬಗಳು ಹಂಗಾಮಿನಲ್ಲಿ ಕಬ್ಬು ಕಡಿಯಲು ಪಶ್ಚಿಮದ ಕಡೆಗೆ ಗುಳೆ ಹೋಗುತ್ತವೆ. ಗದ್ದೆಯ ಬದುವಿನ ಗುಡಿಸಲಿನಲ್ಲಿ ಗುಳಿಗೆ ಮುಗಿದು ನಾಲ್ಕು ದಿನ ತಪ್ಪಿದರೆ, ನಸುಕಿಗೆ ಮುನ್ನವೇ ಎದ್ದು ನಿದ್ದೆಗೆಟ್ಟರೆ, ನಿಂತಿದ್ದ ಮೂರ್ಛೆಯೂ ಮರಳುವುದು. ಅದು ಔಷಧದ ಸೋಲೆಂದು ಎಣಿಸತಕ್ಕುದಲ್ಲ. ಆದುದರಿಂದ ಗುಳಿಗೆ ನಿಜವಾಗಿಯೂ ಹೊಟ್ಟೆಗೆ ಹೋಗಿದೆಯೆ, ಪ್ರಮಾಣ ಸರಿಯಾಗಿದೆಯೆ, ರೋಗನಿರ್ಣಯವೇ ಸರಿಯೆ ಎಂಬ ಮೂರನ್ನೂ ಪರೀಕ್ಷಿಸಿದ ಬಳಿಕವೇ ವೈದ್ಯರು ಮುಂದಿನ ಮಾತನ್ನು ಎತ್ತುವರು.

ಶಸ್ತ್ರದ ಇತಿಹಾಸ

ಔಷಧಕ್ಕೆ ಮೀರಿದ ಅಪಸ್ಮಾರವುಂಟೆಂಬುದು ನಮ್ಮ ಪ್ರಾಚೀನರಿಗೆ ತಿಳಿಯದ ವಿಷಯವಲ್ಲ. ಚರಕಸಂಹಿತೆ ಅಪಸ್ಮಾರವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ತ್ರಿದೋಷಗಳೂ ಕೂಡಿ ಬಂದುದನ್ನು ಅಸಾಧ್ಯವೆಂದು ಹೇಳುತ್ತದೆ. ಗ್ರೀಸಿನಲ್ಲಿ ಹಿಪೊಕ್ರೆಟಿಸನ ಹೆಸರಿನಲ್ಲಿ ಬಂದ ಗ್ರಂಥವೊಂದು, ಇದು ದೇವತೆಗಳಿಂದ ಬಂದ ವ್ಯಾಧಿಯಲ್ಲ, ಇದರ ಮೂಲ ಮೆದುಳಿನಲ್ಲಿದೆಯೆಂದು ವಾದಿಸಿತು. ಆದರೆ ಮೂಲವು ಮೆದುಳಿನ ಯಾವ ಎಡೆಯಲ್ಲಿದೆಯೆಂಬುದನ್ನು ಹೊರಗಿನ ಚಿಹ್ನೆಗಳಿಂದ ಊಹಿಸಿ, ತಲೆಬುರುಡೆಯನ್ನು ತೆರೆದು ಅದನ್ನು ತೆಗೆಯುವ ಧೈರ್ಯ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದಿತು. 1886 ರ ಮೇ 25 ರಂದು ಲಂಡನ್ನಿನಲ್ಲಿ ವಿಕ್ಟರ್ ಹಾರ್ಸ್ಲಿ ಎಂಬ ಶಸ್ತ್ರವೈದ್ಯನು 22 ವರ್ಷದ ತರುಣನೊಬ್ಬನ ಮೆದುಳಿನಲ್ಲಿದ್ದ ಹಳೆಯ ಗಾಯದ ಕಲೆಯನ್ನು ತೆಗೆದುಹಾಕಿದನು. ಆ ಗಾಯ ತರುಣನಿಗೆ ಆದುದು ಬಾಲ್ಯದಲ್ಲಿ.

ಬಳಿಕ ಜರ್ಮನಿಯ ಹಾನ್ಸ್ ಬರ್ಗರ್ 1924 ರಲ್ಲಿ ಮನುಷ್ಯನ ತಲೆಯ ಮೇಲಿನಿಂದಲೇ ಮೆದುಳಿನ ವಿದ್ಯುತ್ತನ್ನು ಬರೆದುಕೊಳ್ಳುವ ಇ.ಇ.ಜಿ. ವಿಧಾನವನ್ನು ಸಾಧಿಸಿದನು. ಕೆನಡಾದ ಮಾಂಟ್ರಿಯಲ್ಲಿನಲ್ಲಿ 1934 ರಲ್ಲಿ ನರವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಿದ ವೈಲ್ಡರ್ ಪೆನ್‌ಫೀಲ್ಡ್, ಮೆದುಳಿಗೆ ತನ್ನದೇ ಆದ ನೋವಿಲ್ಲವೆಂಬುದನ್ನು ಬಳಸಿಕೊಂಡು, ರೋಗಿಯನ್ನು ಎಚ್ಚರವಾಗಿಯೇ ಇರಿಸಿ, ಮಾತಿನ ಸ್ಥಾನ ಯಾವುದು, ಕೈಯ ಸ್ಥಾನ ಯಾವುದು ಎಂದು ಪರೀಕ್ಷಿಸುತ್ತ ಶಸ್ತ್ರಕ್ರಿಯೆ ನಡೆಸುವ ಪದ್ಧತಿಯನ್ನು ಬೆಳೆಸಿದನು. ಮಾಂಟ್ರಿಯಲ್ಲಿನಲ್ಲಿ ಶಿಕ್ಷಣ ಪಡೆದ ಡಾ. ಜೇಕಬ್ ಚಾಂಡಿಯವರು ಭಾರತಕ್ಕೆ ಮರಳಿ 1949 ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದರು. ಅಲ್ಲಿಯೇ 1952 ರಲ್ಲಿ ಭಾರತದ ಮೊದಲ ಮೂರ್ಛೆರೋಗ ಶಸ್ತ್ರಚಿಕಿತ್ಸೆಯನ್ನು ನೆರವೇರಿಸಿದರು. ಎಂದರೆ ಜತ್ತ ಸಂಸ್ಥಾನ ವಿಲೀನವಾಗಿ ನಾಲ್ಕಾರು ವರ್ಷಗಳಾಗಿದ್ದಾಗಲೇ ಈ ವಿದ್ಯೆ ನಮ್ಮ ದೇಶದ ನೆಲದಲ್ಲಿದ್ದಿತು. 1995 ರಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಕೆ. ರಾಧಾಕೃಷ್ಣನ್ ಅವರ ನೇತೃತ್ವದಲ್ಲಿ ಆರಂಭವಾದ ಕಾರ್ಯಕ್ರಮ ಅದನ್ನು ಸುವ್ಯವಸ್ಥಿತವಾದ ಶಾಸ್ತ್ರವಾಗಿ ನೆಲೆಗೊಳಿಸಿತು. ಇಂದು ಬೆಂಗಳೂರಿನ ನಿಮ್ಹಾನ್ಸ್, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ (ಏಮ್ಸ್), ಮುಂಬಯಿಯ ದೊಡ್ಡ ಆಸ್ಪತ್ರೆಗಳು ಈ ಕಾರ್ಯವನ್ನು ಮಾಡುತ್ತಿವೆ.

ಈ ಇತಿಹಾಸದಲ್ಲಿ ಎಚ್ಚರಿಕೆಯ ಅಧ್ಯಾಯವೂ ಉಂಟು. 1953 ರಲ್ಲಿ ಅಮೆರಿಕದ ತರುಣನೊಬ್ಬನಿಗೆ ಮೆದುಳಿನ ಎರಡೂ ಕಡೆಯ ಹಿಪೊಕ್ಯಾಂಪಸ್ಸನ್ನು ತೆಗೆದುದರ ಪರಿಣಾಮವಾಗಿ ಹೊಸದನ್ನು ನೆನಪಿನಲ್ಲಿಟ್ಟುಕೊಳ್ಳುವ ಶಕ್ತಿಯೇ ಅವನಲ್ಲಿ ಅಳಿಸಿಹೋಯಿತು. ಏನನ್ನು ತೆಗೆಯಬಹುದೆಂಬುದಕ್ಕಿಂತ ಏನನ್ನು ಮುಟ್ಟಬಾರದೆಂಬುದನ್ನು ಮೊದಲು ತಿಳಿಯಬೇಕೆಂಬ ನಿಯಮ ಅಂತಹ ದುರಂತಗಳಿಂದ ಬಲಗೊಂಡುದು.

ದೆಹಲಿಯ ಸಾಕ್ಷ್ಯ

ಮಕ್ಕಳ ವಿಷಯದಲ್ಲಿ ಶಸ್ತ್ರಚಿಕಿತ್ಸೆ ಔಷಧಕ್ಕಿಂತ ಮೇಲೆಂಬುದನ್ನು ಅನುಮಾನಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟ ಕೀರ್ತಿ ನಮ್ಮ ದೇಶದ ವೈದ್ಯರಿಗೇ ಸಲ್ಲಬೇಕು. ದೆಹಲಿಯ ಏಮ್ಸ್ ಸಂಸ್ಥೆಯ ಡಾ. ಮಂಜರಿ ತ್ರಿಪಾಠಿ, ಡಾ. ಪಿ. ಶರತ್ ಚಂದ್ರ ಮತ್ತು ಅವರ ಸಹೋದ್ಯೋಗಿಗಳು, ಔಷಧಕ್ಕೆ ಬಗ್ಗದ ಮೂರ್ಛೆರೋಗವುಳ್ಳ, 18 ವರ್ಷ ಮೀರದ 116 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. 57 ಮಕ್ಕಳಿಗೆ ಶಸ್ತ್ರಚಿಕಿತ್ಸೆ, ಸರದಿಗಾಗಿ ಕಾಯುತ್ತಿದ್ದ 59 ಮಕ್ಕಳಿಗೆ ಔಷಧ ಮಾತ್ರ. 2017 ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದ್ದಿತು: ಒಂದು ವರ್ಷದ ಬಳಿಕ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 77 ಮಕ್ಕಳು ಮೂರ್ಛೆಯಿಂದ ಸಂಪೂರ್ಣವಾಗಿ ಮುಕ್ತರಾಗಿದ್ದರು. ಔಷಧದ ಗುಂಪಿನಲ್ಲಿ ಮುಕ್ತರಾದವರು ಶೇ. 7. ನಡವಳಿಕೆಯಲ್ಲಿಯೂ ಜೀವನದ ನೆಮ್ಮದಿಯಲ್ಲಿಯೂ ಮೊದಲ ಗುಂಪಿನವರದೇ ಮೇಲುಗೈ.

ಇದರ ಮತ್ತೊಂದು ಮುಖವನ್ನು ಮುಚ್ಚಿಡುವುದು ನ್ಯಾಯವಲ್ಲ. ಶಸ್ತ್ರಕ್ಕೆ ಒಳಗಾದವರಲ್ಲಿ ಮೂರರಲ್ಲೊಂದು ಪಾಲು ಮಕ್ಕಳಿಗೆ ಗಂಭೀರವಾದ ತೊಂದರೆಗಳು ಒದಗಿದುವು. 15 ಮಕ್ಕಳಿಗೆ ದೇಹದ ಒಂದು ಪಾರ್ಶ್ವದ ಬಲ ಕುಂದಿತು. ತೆಗೆಯಬೇಕಾದ ಭಾಗ ಯಾವುದೆಂಬುದನ್ನು ನೋಡಿ ವೈದ್ಯರು ಮೊದಲೇ ನಿರೀಕ್ಷಿಸಿದ್ದ ನಷ್ಟಗಳಿವು. ಹಾಗಿದ್ದೂ ತಂದೆತಾಯಿಗಳು ಏತಕ್ಕೆ ಒಪ್ಪುವರೆಂದು ಕೇಳಬಹುದು. ದಿನವೊಂದಕ್ಕೆ ಹತ್ತಾರು ಬಾರಿ ಬೀಳುವ ಮಗುವಿನ ಬಳಿಯಲ್ಲಿ ರಾತ್ರಿಯೆಲ್ಲ ಎಚ್ಚರವಾಗಿ ಕುಳಿತವರಿಗೆ ಆ ತಕ್ಕಡಿಯ ಎರಡು ತಟ್ಟೆಗಳ ತೂಕ ಗೊತ್ತು. ಹಳ್ಳಿಯ ಮಗುವಿಗೆ ತೆರೆದ ಬಾವಿಯುಂಟು, ಉರಿಯುವ ಒಲೆಯುಂಟು. ಗುಳಿಗೆಗೆ ಬಗ್ಗದ ಮೂರ್ಛೆಯಿಂದ ನಿದ್ದೆಯಲ್ಲಿಯೇ ಹಠಾತ್ತಾಗಿ ಪ್ರಾಣ ಹೋಗುವ ಭಯವೂ ಉಂಟು. ನಿಲ್ಲದ ಮೂರ್ಛೆ ಎಳೆಯ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸಿ, ನಿನ್ನೆ ಕಲಿತ ಮಾತನ್ನು ಇಂದು ಮರೆಸುವುದು. ಶಸ್ತ್ರದ ಅಪಾಯವನ್ನು ಅಳೆಯುವವರು ಸುಮ್ಮನಿರುವುದರ ಅಪಾಯವನ್ನೂ ಅದರ ಜೊತೆಯಲ್ಲಿಟ್ಟು ಅಳೆಯಬೇಕು.

ಶಸ್ತ್ರಕ್ರಿಯೆಗಳಲ್ಲಿ ಹಲವು ಬಗೆ. ಕಲೆ, ಗಡ್ಡೆ ಅಥವಾ ರಚನಾದೋಷದ ಭಾಗವೊಂದನ್ನೇ ತೆಗೆಯುವುದು ಒಂದು. ಕಪೋಲಭಾಗದ ಮುಂದಿನ ತುದಿಯನ್ನು ರೋಗಗ್ರಸ್ತ ಹಿಪೊಕ್ಯಾಂಪಸ್ಸಿನೊಡನೆ ತೆಗೆಯುವುದು ಇನ್ನೊಂದು. ಮೂಲವನ್ನು ಹುಡುಕಲಾಗದೆ, ಮಗು ಕಡಿದ ಮರದಂತೆ ಬೀಳುತ್ತಿದ್ದರೆ, ಮೆದುಳಿನ ಎರಡು ಅರ್ಧಗಳನ್ನು ಜೋಡಿಸುವ ತಂತುಗಳನ್ನು ಬೇರ್ಪಡಿಸಿ ಪತನಗಳನ್ನು ಕಡಿಮೆಮಾಡುವುದು ಮತ್ತೊಂದು. ಇದು 1940 ರಿಂದ ಬಳಕೆಯಲ್ಲಿದೆ. ಎಲ್ಲಕ್ಕಿಂತ ಆಶ್ಚರ್ಯವನ್ನುಂಟುಮಾಡುವುದು, ಹಾಳಾದ ಒಂದು ಇಡೀ ಗೋಳಾರ್ಧವನ್ನು ಉಳಿದ ಮೆದುಳಿನಿಂದ ಬೇರ್ಪಡಿಸುವ ಕ್ರಿಯೆ. ದಕ್ಷಿಣ ಆಫ್ರಿಕದ ರೋಲಂಡ್ ಕ್ರೈನೌ 1950 ರಲ್ಲಿ, ಶೈಶವದಲ್ಲಿಯೇ ಒಂದು ಪಾರ್ಶ್ವ ಸೋತಿದ್ದ 12 ಮಂದಿಗೆ ಗೋಳಾರ್ಧವನ್ನೇ ತೆಗೆದ ವರದಿಯನ್ನು ಪ್ರಕಟಿಸಿದನು. ಈಗಿನ ಪದ್ಧತಿಯಲ್ಲಿ ಅದನ್ನು ತೆಗೆಯದೆ, ರಕ್ತಸಂಚಾರವನ್ನು ಉಳಿಸಿ, ಸಂಬಂಧದ ತಂತುಗಳನ್ನು ಮಾತ್ರ ಕತ್ತರಿಸುವರು. ಎದುರು ಪಾರ್ಶ್ವದ ಕೈಬೆರಳುಗಳ ನಯವಾದ ಚಲನೆ ನಷ್ಟವಾಗುವುದು, ದೃಷ್ಟಿಯ ಒಂದು ಅರ್ಧವೂ ಹೋಗುವುದು. ಆದರೆ ಬಹುಪಾಲು ಮಕ್ಕಳು ನಡೆಯಬಲ್ಲರು. ಮಗು ಸಾಕಷ್ಟು ಎಳೆಯದಾಗಿದ್ದರೆ, ಎಡ ಗೋಳಾರ್ಧದಲ್ಲಿ ನೆಲೆಸಬೇಕಾಗಿದ್ದ ಮಾತಿನ ಶಕ್ತಿ ಬಲಕ್ಕೆ ವಲಸೆ ಹೋಗಿ ಅಲ್ಲಿ ಬೇರೂರುವುದುಂಟು.

ಮೆದುಳಿನ ಈ ನಮನೀಯತೆ ಬಾಲ್ಯದ ವರ. ವಯಸ್ಸು ಏರಿದಂತೆ ಅದು ಕುಗ್ಗುವುದು. ಐದು ವರ್ಷದಲ್ಲಿ ಮಾಡಿದ ಕ್ರಿಯೆಯಿಂದ ಮಗುವಿಗೆ ದೊರೆಯುವ ಬಾಳು, ಅದೇ ಕ್ರಿಯೆ ಇಪ್ಪತ್ತೈದನೆಯ ವರ್ಷದಲ್ಲಿ ನಡೆದರೆ ದೊರೆಯಲಾರದು: ಶಾಲೆಯ ವರ್ಷಗಳು ಅಷ್ಟರಲ್ಲಿ ಕಳೆದಿರುತ್ತವೆ, ಗೆಳೆತನಗಳು ಬೆಳೆಯದೆ ಹೋಗಿರುತ್ತವೆ, ಮೂರ್ಛೆ ನಿಂತರೂ ಕಲಿಯದ ವಿದ್ಯೆ ತಾನಾಗಿ ಬಾರದು. ಮುಂದುವರಿದ ದೇಶಗಳಲ್ಲಿಯೂ ವಯಸ್ಕರು ಈ ಶಸ್ತ್ರಚಿಕಿತ್ಸೆಯ ಬಾಗಿಲಿಗೆ ಬರುವ ಹೊತ್ತಿಗೆ ವ್ಯಾಧಿ ತೊಡಗಿ ಎರಡು ದಶಕಗಳ ಸಮೀಪವಾಗಿರುವುದು ಸಾಮಾನ್ಯವಾಗಿದ್ದಿತು. ಆದುದರಿಂದಲೇ ಅಂತಾರಾಷ್ಟ್ರೀಯ ಸಂಘದ ತಜ್ಞರು 2022 ರಲ್ಲಿ, ಔಷಧಕ್ಕೆ ಬಗ್ಗದೆಂದು ಖಚಿತವಾದೊಡನೆಯೇ ರೋಗಿಯನ್ನು ಶಸ್ತ್ರಚಿಕಿತ್ಸೆಯ ಪರಿಶೀಲನೆಗೆ ಕಳುಹಿಸಬೇಕು, ಅದನ್ನು ಕಟ್ಟಕಡೆಯ ಉಪಾಯವೆಂದು ಮುಂದೂಡಬಾರದು ಎಂದು ಒಮ್ಮತದಿಂದ ಸಾರಿದರು.

ತಾಯಿಯ ಮಾತು, ಮಗುವಿನ ಭಾಷೆ

ಪರಿಶೀಲನೆಗೆ ಹೋದೊಡನೆ ಶಸ್ತ್ರವೆಂದು ಯಾರೂ ಭಾವಿಸಬಾರದು. ವೈದ್ಯರು ಮಗುವನ್ನು ಕೆಲವು ದಿನ ಆಸ್ಪತ್ರೆಯಲ್ಲಿರಿಸಿ, ತಲೆಗೆ ಇ.ಇ.ಜಿ. ತಂತಿಗಳನ್ನಂಟಿಸಿ, ಎದುರಿಗೆ ಕ್ಯಾಮೆರಾ ಇಟ್ಟು, ಮೂರ್ಛೆ ಬರುವುದನ್ನೇ ಕಾದು ನೋಡುವರು. ಮೂರ್ಛೆರೋಗಕ್ಕೆಂದೇ ಗೊತ್ತುಪಡಿಸಿದ ಕ್ರಮದಲ್ಲಿ ಎಂ.ಆರ್.ಐ. ತೆಗೆಯುವರು. ಬೇಕಾದಲ್ಲಿ ಮೆದುಳಿನ ಸಕ್ಕರೆಯ ಬಳಕೆಯನ್ನು ತೋರಿಸುವ ಪೆಟ್ ಪರೀಕ್ಷೆ, ಮೆದುಳಿನ ಕಾಂತಕ್ಷೇತ್ರವನ್ನು ಅಳೆಯುವ ಎಂ.ಇ.ಜಿ. ಪರೀಕ್ಷೆ ಮಾಡುವರು; ನಿಮ್ಹಾನ್ಸ್‌ನಲ್ಲಿ ಈ ಕೊನೆಯದರ ಯಂತ್ರವೂ ಉಂಟು. ನರವೈದ್ಯರು, ಶಸ್ತ್ರವೈದ್ಯರು, ಕ್ಷಕಿರಣ ತಜ್ಞರು, ಮನಶ್ಶಾಸ್ತ್ರಜ್ಞರು ಒಟ್ಟಿಗೆ ಕುಳಿತು, ಎಲ್ಲ ಸಾಕ್ಷ್ಯಗಳೂ ಒಂದೇ ಸ್ಥಾನವನ್ನು ತೋರಿದರೆ ಮಾತ್ರ ಸಮ್ಮತಿಸುವರು. ಬೇಡವೆಂದು ಹಿಂದಕ್ಕೆ ಕಳುಹಿಸಲ್ಪಡುವ ಮಕ್ಕಳೂ ಉಂಟು. ಅವರಿಗೆ ವಿಶೇಷ ಪಥ್ಯಾಹಾರ, ಕತ್ತಿನ ವೇಗಸ್ ನರಕ್ಕೆ ಅಳವಡಿಸುವ ಉಪಕರಣ ಮೊದಲಾದ ಬೇರೆ ದಾರಿಗಳಿವೆ.

ಇಷ್ಟೆಲ್ಲ ಯಂತ್ರಗಳ ನಡುವೆಯೂ ಮೊದಲ ಸಾಕ್ಷಿ ತಾಯಿ. "ಮೊದಲಿಗೆ ಕೂಸಿನ ಮಾರಿ ಬಲಕ್ಕ ತಿರುಗತೈತ್ರಿ, ಆಮ್ಯಾಲ ಬಲಗೈ ನಡಗತೈತಿ, ಆಮ್ಯಾಲ ಖಬರ ತಪ್ಪತೈತ್ರಿ" ಎಂದು ಈ ಭಾಗದ ತಾಯಿಯೊಬ್ಬಳು ಹೇಳಿದಳೆನ್ನಿ. ಆ ಒಂದು ವಾಕ್ಯದಲ್ಲಿ, ಮೂಲವು ಮೆದುಳಿನ ಎಡಭಾಗದಲ್ಲಿ, ಕೈಯನ್ನು ಆಡಿಸುವ ಸ್ಥಾನದ ಆಸುಪಾಸಿನಲ್ಲಿರಬಹುದೆಂಬ ಸೂಚನೆ ನರವೈದ್ಯನಿಗೆ ದೊರೆಯುವುದು. ಯಾವ ಕೈ ಮೊದಲು, ಯಾವ ಕಡೆಗೆ ಮುಖ, ಬೀಳುವ ಮುನ್ನ ಮಗು ಏನೆನ್ನುತ್ತದೆ, ಎದ್ದ ಮೇಲೆ ಮಾತು ಬರಲು ಎಷ್ಟು ಹೊತ್ತು: ಈ ವಿವರಗಳು ಬೆಲೆಯುಳ್ಳವು. ಆ ತಾಯಿ ತನಗೆ ಅರೆಬರೆಯಾಗಿ ಬರುವ ಭಾಷೆಯಲ್ಲಿ ಫಿಟ್ ಬರುತ್ತವೆಂಬ ಒಂದೆರಡು ಮಾತಿಗೆ ತನ್ನ ಸಾಕ್ಷ್ಯವನ್ನು ಮೊಟಕುಗೊಳಿಸಬೇಕಾಗಿ ಬಂದರೆ, ಕಳೆದುಹೋಗುವುದು ರೋಗನಿರ್ಣಯದ ಒಂದು ಮುಖ್ಯ ಸಾಧನವೇ. ಕೈಯಲ್ಲಿರುವ ಮೊಬೈಲಿನಲ್ಲಿ ಮೂರ್ಛೆಯ ಮೊದಲ ಕ್ಷಣಗಳನ್ನು ಚಿತ್ರೀಕರಿಸಿಟ್ಟುಕೊಂಡರೆ ಭಾಷೆಯ ಈ ತಡೆಯನ್ನು ಬಹುಮಟ್ಟಿಗೆ ದಾಟಬಹುದು.

ಮಗುವಿನ ಭಾಷೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಶಸ್ತ್ರಕ್ಕೆ ಮುನ್ನ ನೆನಪು, ಪದಸಂಪತ್ತು, ಹೆಸರಿಸುವ ಶಕ್ತಿ ಇವುಗಳನ್ನು ಅಳೆಯುವರು. ಮಾತಿನ ಸ್ಥಾನ ಯಾವ ಗೋಳಾರ್ಧದಲ್ಲಿದೆಯೆಂಬುದನ್ನು ನಿಶ್ಚಯಿಸುವರು. ಮನೆಯಲ್ಲಿ ಕನ್ನಡವಾಡಿ, ಕನ್ನಡ ಶಾಲೆಗಾಗಲಿ ಮರಾಠಿ ಶಾಲೆಗಾಗಲಿ ಹೋಗುವ ಗಡಿನಾಡಿನ ಮಗುವನ್ನು ಅದರ ಎರಡನೆಯ ಭಾಷೆಯಲ್ಲಿ ಮಾತ್ರ ಪರೀಕ್ಷಿಸಿದರೆ, ಭಾಷೆಯ ಕೊರತೆಯನ್ನು ಬುದ್ಧಿಯ ಕೊರತೆಯೆಂದು ಎಣಿಸುವ ಅಪಾಯವಿದೆ. ಮಗು ಯಾವ ಮಾತಿನಲ್ಲಿ ಕನಸು ಕಾಣುತ್ತದೆಯೋ ಆ ಮಾತಿನಲ್ಲಿ ಅದನ್ನು ಪರೀಕ್ಷಿಸಬೇಕೆಂದು ಕೇಳುವ ಹಕ್ಕು ತಂದೆತಾಯಿಗಳಿಗಿದೆ. ಹಾಗೆ ಕೇಳುವುದರಿಂದ ಶಾಸ್ತ್ರಕ್ಕೂ ಉಪಕಾರವೇ.

ದಾರಿ

ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯನು 1894 ರಲ್ಲಿ ಮಿರಜಿನಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಕೃಷ್ಣಾತೀರದ ಆ ಪಟ್ಟಣ ಈ ಭಾಗದ ಕನ್ನಡಿಗರಿಗೂ ಮರಾಠಿಗರಿಗೂ ವೈದ್ಯಕೀಯದ ಹೆಬ್ಬಾಗಿಲಾಗಿದೆ. ಜತ್ತದ ಜನರು ಇತ್ತ ಮಿರಜ ಸಾಂಗಲಿಗಳಿಗೆ, ಅತ್ತ ವಿಜಯಪುರ ಸೊಲ್ಲಾಪುರಗಳಿಗೆ ಹೋಗುವರು. ಇ.ಇ.ಜಿ., ಎಂ.ಆರ್.ಐ.ಗಳವರೆಗೆ ಅಲ್ಲಿ ತೊಂದರೆಯಿಲ್ಲ. ಅದರಿಂದ ಮುಂದಿನ ಹಂತಕ್ಕೆ ಮುಂಬಯಿಗಾಗಲಿ ಬೆಂಗಳೂರಿಗಾಗಲಿ ಹೋಗಬೇಕು; ಮಿರಜಿನಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರನ್ನು ತಲುಪಬಹುದು. ನಿಮ್ಹಾನ್ಸ್ ಸಂಸತ್ತಿನ 2012 ರ ಅಧಿನಿಯಮದಿಂದ ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯಾಗಿರುವುದರಿಂದ, ಯಾವ ರಾಜ್ಯದವರೂ ಸಂಕೋಚಪಡದೆ ಅದರ ಬಾಗಿಲಿಗೆ ಹೋಗಬಹುದು. ಅಲ್ಲಿ ತಾಯಿ ತನ್ನ ಭಾಷೆಯಲ್ಲಿಯೇ ತನ್ನ ಕಥೆಯನ್ನು ಹೇಳಬಹುದೆಂಬುದೂ ಸಣ್ಣ ಸಂಗತಿಯಲ್ಲ.

ವೆಚ್ಚದ ಚಿಂತೆ ಸಹಜವಾದುದು. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯುಂಟು. 2018 ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯ ಕಾರ್ಡು ರಾಜ್ಯದ ಗಡಿಯ ಆಚೆಯೂ ನಡೆಯುವಂತೆ ರೂಪಿಸಲ್ಪಟ್ಟುದು. ಯಾವ ಚಿಕಿತ್ಸೆಗೆ ಎಷ್ಟು ನೆರವು ಎಂಬುದನ್ನು ಹೊರಡುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಕೇಳಿ ತಿಳಿಯಬೇಕು. 2013 ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗಳಿಗೂ ಸರಕಾರಿ ಶಾಲೆಗಳಿಗೂ ಬರುವ ವೈದ್ಯರ ತಂಡ ಪರೀಕ್ಷಿಸಬೇಕಾದ ವ್ಯಾಧಿಗಳ ಪಟ್ಟಿಯಲ್ಲಿ ಸೆಳವಿನ ರೋಗವೂ ಸೇರಿದೆ. ಆದರೆ ಮೂರ್ಛೆ ಬರುವ ಮಗುವನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದ್ದರೆ ತಂಡ ಬಂದ ದಿನ ಅದು ಅಲ್ಲಿರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಬಾರದಿರುವ ಮಕ್ಕಳ ಮನೆಗೆ ಗುರುಗಳೂ ಆಶಾ ಕಾರ್ಯಕರ್ತೆಯರೂ ಒಮ್ಮೆ ಹೋಗಿ ಬರುವುದು ದೊಡ್ಡ ಪುಣ್ಯದ ಕೆಲಸವಾದೀತು. ಕರ್ನಾಟಕ ಸರ್ಕಾರವು ನಿಮ್ಹಾನ್ಸ್ ನೆರವಿನಿಂದ 2022 ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯದ ಕಾರ್ಯಕ್ರಮದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮೂರ್ಛೆರೋಗದ ಶಿಕ್ಷಣ ಕೊಡುವ ವ್ಯವಸ್ಥೆಯಿದೆ. ಅಂತಹುದೇ ವ್ಯವಸ್ಥೆ ಗಡಿಯ ಎರಡೂ ಕಡೆಗೆ ವಿಸ್ತರಿಸಿದರೆ, ಎರಡು ಸರ್ಕಾರಗಳ ನಡುವಿನ ಸೌಹಾರ್ದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ಬೇರೊಂದಿರಲಾರದು.

ಭಯ ಮತ್ತು ಭರವಸೆ

ಮೂರ್ಛೆ ಬಂದವರ ಕೈಯಲ್ಲಿ ಕಬ್ಬಿಣದ ಕೀಲಿಕೈ ಇಡುವುದು, ಮೂಗಿಗೆ ಉಳ್ಳಾಗಡ್ಡಿಯನ್ನೋ ಚಪ್ಪಲಿಯನ್ನೋ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು ನಮ್ಮಲ್ಲಿ ಇನ್ನೂ ನಡೆದಿದೆ. ಮೊದಲಿನ ಎರಡರಿಂದ ಲಾಭವಿಲ್ಲ; ಕೊನೆಯದರಿಂದ ಹಲ್ಲು ಮುರಿಯುವುದು, ಉಸಿರು ಕಟ್ಟುವುದು. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದನ್ನಿರಿಸಿ, ಬಾಯಿಗೆ ಏನನ್ನೂ ಹಾಕದೆ, ಗಡಿಯಾರ ನೋಡುತ್ತಿರಬೇಕು. ಐದು ನಿಮಿಷ ಮೀರಿದರೆ ದವಾಖಾನೆಗೆ ಒಯ್ಯಬೇಕು. ಗುಡ್ಡಾಪುರದ ದಾನಮ್ಮದೇವಿಗೆ ಹರಕೆ ಹೊರುವ ತಾಯಿಯನ್ನು ಯಾರೂ ತಡೆಯಬೇಕಾಗಿಲ್ಲ. ಹರಕೆಯ ಜೊತೆಯಲ್ಲಿ ಗುಳಿಗೆಯೂ, ಗುಳಿಗೆ ಸೋತಲ್ಲಿ ತಜ್ಞರ ಪರಿಶೀಲನೆಯೂ ನಡೆಯಬೇಕೆಂಬುದಷ್ಟೇ ವಿನಂತಿ.

ಇನ್ನು ಹೆಣ್ಣುಮಗುವಿನ ಮನೆಯಲ್ಲಿ ಗುಟ್ಟು ಇಮ್ಮಡಿಯಾಗುವುದು. ಮದುವೆಯ ಭಯದಿಂದ ವ್ಯಾಧಿಯನ್ನು ಮುಚ್ಚಿಟ್ಟು, ನೆರೆಯೂರಿನ ಔಷಧದಂಗಡಿಯಿಂದ ಸದ್ದಿಲ್ಲದೆ ಗುಳಿಗೆ ತಂದು, ಪರೀಕ್ಷೆಯನ್ನು ಮುಂದೂಡುತ್ತ ಹೋಗುವವರುಂಟು. ಹಿಂದೂ ವಿವಾಹ ಕಾನೂನಿನಲ್ಲಿ ಮೂರ್ಛೆರೋಗವು ವಿವಾಹದ ಅರ್ಹತೆಗೆ ಅಡ್ಡಿಯೆಂದಿದ್ದ ಮಾತನ್ನು 1999 ರ ತಿದ್ದುಪಡಿಯಿಂದ ಸಂಸತ್ತು ತೆಗೆದುಹಾಕಿದೆ. ಕಾನೂನು ಬಿಟ್ಟುಕೊಟ್ಟ ಕಳಂಕವನ್ನು ಸಮಾಜ ಹಿಡಿದುಕೊಂಡಿರುವುದು ಯಾವ ನ್ಯಾಯ? ಗುಟ್ಟಿನಿಂದ ಕಳೆಯುವುದು ಆ ಹುಡುಗಿಯ ಬಾಲ್ಯ; ಮೆದುಳು ಹೊಸ ದಾರಿಗಳನ್ನು ಕಟ್ಟಿಕೊಳ್ಳಬಲ್ಲ ವರ್ಷಗಳೇ ಅವು.

ಶಸ್ತ್ರಚಿಕಿತ್ಸೆ ಎಲ್ಲರಿಗೂ ಅಲ್ಲ, ಎಲ್ಲರಲ್ಲಿಯೂ ಫಲಿಸುವುದಿಲ್ಲ, ಫಲಿಸಿದರೂ ಕೆಲಕಾಲ ಗುಳಿಗೆ ಮುಂದುವರಿಯುವುದು. ಆದರೆ ತಾನು ಅದಕ್ಕೆ ಅರ್ಹನೋ ಅಲ್ಲವೋ ಎಂಬುದನ್ನು ತಿಳಿಯುವ ಅವಕಾಶ ಪ್ರತಿಯೊಂದು ಮಗುವಿಗೂ ಸಲ್ಲಬೇಕು. ವಳಸಂಗದಲ್ಲಿ ಹುಟ್ಟಿದ ಮಗುವಿನ ಮೆದುಳಿಗೂ ದೆಹಲಿಯಲ್ಲಿ ಹುಟ್ಟಿದ ಮಗುವಿನ ಮೆದುಳಿಗೂ ಭೇದವಿಲ್ಲ. ಇರುವ ಭೇದವೆಂದರೆ, ಒಬ್ಬನು ತಜ್ಞನ ಎದುರಿಗೆ ಆರನೆಯ ವಯಸ್ಸಿಗೆ ಕೂರುವನು, ಇನ್ನೊಬ್ಬನು ಇಪ್ಪತ್ತಾರಕ್ಕೆ ಅಥವಾ ಎಂದಿಗೂ ಇಲ್ಲ. ಈ ಅಂತರವನ್ನು ಕಡಿಮೆಮಾಡುವ ಕೆಲಸ ಸರ್ಕಾರದ್ದೂ ಹೌದು, ವೈದ್ಯರದೂ ಹೌದು. ಆದರೆ ಮೊದಲ ಹೆಜ್ಜೆ ಮನೆಯವರ ಕೈಯಲ್ಲಿದೆ. ಎರಡು ಔಷಧಗಳನ್ನು ತಪ್ಪದೆ ಕೊಟ್ಟೂ ಮಗು ಬೀಳುತ್ತಿದ್ದರೆ, ಮುಂದಿನ ಸಲ ದವಾಖಾನೆಗೆ ಹೋದಾಗ ಮೂರನೆಯ ಔಷಧದ ಚೀಟಿಯನ್ನು ಕೈಗೆ ತೆಗೆದುಕೊಳ್ಳುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿರಿ: "ಡಾಕ್ಟರ್ ಸಾಹೇಬ್ರ, ನಮ್ಮ ಕೂಸಿನ ಮೆದುಳಿನ ಪರೀಕ್ಷೆ ಪೂರಾ ಮಾಡಿಸಾಕ ಎಲ್ಲಿಗೆ ಹೋಗಬೇಕು? ಚೀಟಿ ಬರದು ಕೊಡ್ರಿ." ಆ ಪ್ರಶ್ನೆಯನ್ನು ಕೇಳಲು ಹಿಂಜರಿಯಬೇಡಿರಿ, ಕೇಳುವುದನ್ನು ಮುಂದಿನ ವರ್ಷಕ್ಕೆಂದು ಇರಿಸಿಕೊಳ್ಳಲೂ ಬೇಡಿರಿ.